ಇಳಿಜಾರಿಗೊಂದು ಟೆಂಟು

ಮೂವತ್ತೊಂದು ವರ್ಷ ಟೆಂಟು ಕತ್ತರಿಸಿದ ಅಣ್ಣ ಒಂದು ರಾತ್ರಿಯೂ ಟೆಂಟಿನೊಳಗೆ ಮಲಗಿದವನಲ್ಲ. ಯಾರಾದರೂ ಇದನ್ನೆತ್ತಿ ಆಡಿದರೆ, "ಹೆಣದ ಪೆಟ್ಟಿಗೆ ಮಾಡೋ ಬಡಗಿ ಒಳಗೆ ಮಲಗಿ ನೋಡ್ತಾನೇನು?" ಎಂದು ಬಾಯಿ ಮುಚ್ಚಿಸುತ್ತಿದ್ದ. ಆಸ್ಪತ್ರೆಯಿಂದ ಬಂದ ದಿನ ಆ ಜೋಕನ್ನು ಕೈಬಿಟ್ಟ.

ಆಸ್ಪತ್ರೆಯ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದವರು. ಕ್ಯಾನ್ವಾಸಿನ ದೂಳು, ಅದಕ್ಕೆ ಬಳಿಯುವ ಮೇಣದ ಹೊಗೆ ಎರಡೂ ಸೇರಿ ಅಣ್ಣನ ಶ್ವಾಸಕೋಶದ ಮುಕ್ಕಾಲು ಪಾಲು ತಿಂದುಹಾಕಿವೆ ಎಂಬುದನ್ನು ಇಪ್ಪತ್ತು ನಿಮಿಷ ಸುತ್ತಿಬಳಸಿ ಹೇಳಿದರು. ಕೊನೆಗೆ ಎದ್ದು ನಿಂತಾಗ ಮಾತ್ರ ನೇರವಾಗಿ, "ಎಲ್ಲಿಗಾದ್ರೂ ಹೋಗೋ ಆಸೆ ಇದ್ರೆ ಒಂದು ತಿಂಗಳೊಳಗೆ ಹೋಗಿಬನ್ನಿ" ಅಂದರು.

ಅಣ್ಣನಿಗೆ ಇದ್ದದ್ದು ಒಂದೇ ಆಸೆ. ಅಂಗಡಿಯ ಟೆಂಟುಗಳೆಲ್ಲ ಹೋಗುತ್ತಿದ್ದದ್ದು ಬೆಟ್ಟದ ಬುಡದ ಕಾಡಿನಲ್ಲಿರುವ ಶಿಬಿರಗಳಿಗೆ. ಕಾಡಿಗೆ ಹೋಗಿಯೂ ಮನೆಯಲ್ಲಿದ್ದ ಹಾಗೇ ಇರಬೇಕೆನ್ನುವ ಜನ ಅಲ್ಲಿಗೆ ಬರುತ್ತಾರೆ. ಅವರಿಗಾಗಿ ಟೆಂಟಿನೊಳಗೆ ಜಮಖಾನ, ಮಂಚ, ನಿಲುವುಗನ್ನಡಿ, ನಲ್ಲಿಯಲ್ಲಿ ಬಿಸಿನೀರು. ಕಳಿಸುವ ಮುಂಚೆ ಪ್ರತಿಯೊಂದನ್ನೂ ಅಂಗಡಿಯ ಹಿಂದಿನ ಅಂಗಳದಲ್ಲಿ ಒಮ್ಮೆ ನಿಲ್ಲಿಸಿ ನೋಡುವುದು ವಾಡಿಕೆ. ಅಂಗಳ ಸಿಮೆಂಟಿನದು, ಗೋಲಿ ಬಿಟ್ಟರೆ ಉರುಳದಷ್ಟು ಸಮ.

"ಬೆಟ್ಟದ ಇಳಿಜಾರಲ್ಲಿ ನನ್ನ ಕಟಿಂಗು ಹೇಗೆ ನಿಲ್ಲುತ್ತೆ ಅಂತ ಒಂದ್ಸಲ ನೋಡ್ಬೇಕು ಕಣೋ," ಎಂದ ತಮ್ಮನಿಗೆ. "ಅಷ್ಟೇ. ಮೂರು ದಿನ ಸಾಕು."

ಶಿಬಿರದ ಮ್ಯಾನೇಜರು ಫೋನಿನಲ್ಲೇ ಉದಾರಿಯಾದ. "ಯಾವಾಗ ಬೇಕಾದ್ರೂ ಬನ್ನಿ ಮಾಸ್ಟರ್. ನೀವೇ ಮಾಡಿದ ಟೆಂಟು ಖಾಲಿ ಇಟ್ಟಿರ್ತೀನಿ."

ಅಣ್ಣ ಒಪ್ಪಲಿಲ್ಲ. "ಅದರಲ್ಲಿ ಎಲ್ಲೆಲ್ಲಿ ಬಟ್ಟೆ ಉಳಿಸಿದ್ದೀನಿ ಅಂತ ನಂಗೊತ್ತು. ನಿದ್ದೆ ಬರಲ್ಲ. ನಂದು ನಾನೇ ಹೊಸದು ಕತ್ತರಿಸ್ತೀನಿ."

ಹೀಗೆ ಪ್ರವಾಸದ ತಯಾರಿ ಕಟಿಂಗ್ ಮೇಜಿನ ಮೇಲೆ ಶುರುವಾಯಿತು. ಅಣ್ಣ ಕುರ್ಚಿಯಲ್ಲಿ ಕೂತೇ ನಾಲ್ಕು ದಿನದಲ್ಲಿ ಕತ್ತರಿಸಿ ಮುಗಿಸಿದ. ಆಕ್ಸಿಜನ್ ಸಿಲಿಂಡರಿಗೆಂದು ಮಂಚದ ಪಕ್ಕ ಒಂದು ದೊಡ್ಡ ಜೇಬು. ಮಲಗಿದ ಕಡೆಯಿಂದಲೇ ಹೊರಗೆ ಕಾಣಲೆಂದು ತಗ್ಗಿನಲ್ಲೊಂದು ಕಿಟಕಿ. ಅತ್ತಿಗೆ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಪಟ್ಟಿ ಬರೆದರು.

"ಮಾತ್ರೆ ಹನ್ನೆರಡು ಬಗೆ, ಸ್ವೆಟರ್ ನಾಲ್ಕು, ನಿಮ್ಮಣ್ಣನ ಹಟ ಒಂದು. ವ್ಯಾನಲ್ಲಿ ಜಾಗ ಸಾಲಲ್ಲ ನೋಡು."

"ಹಟನ ನಾನು ತೊಡೆ ಮೇಲೆ ಇಟ್ಕೋತೀನಿ ಬಿಡೇ," ಅಂದ ಅಣ್ಣ.

ಉಳಿದದ್ದು ಹೊಲಿಗೆ. ಅದು ತಮ್ಮನ ಪಾಲಿನದು. ತಮ್ಮನನ್ನು ಅಂಗಡಿಯಲ್ಲಿ ಬಿಚ್ಚಪ್ಪ ಎಂದೇ ಕರೆಯುವುದು; ಕಲಿಯುವ ಕಾಲದಲ್ಲಿ ಅವನು ಹೊಲಿದದ್ದನ್ನೆಲ್ಲ ಅಣ್ಣ ಬಿಚ್ಚಿಸುತ್ತಿದ್ದ. ಈಗ ಅವನಿಗೆ ಐವತ್ತು ದಾಟಿತ್ತು, ಅವನಷ್ಟು ನೇರ ಹೊಲಿಗೆ ಹಾಕುವವರು ಸುತ್ತಮುತ್ತ ಇರಲಿಲ್ಲ. ಆದರೆ ಅಡ್ಡಹೆಸರು ಎಂಥ ಹೊಲಿಗೆಗಿಂತಲೂ ಗಟ್ಟಿ.

ಅಂಥ ಟೆಂಟು ಅವನ ಕೈಗೆ ಹತ್ತು ದಿನದ ಕೆಲಸ. ಹತ್ತಾಯಿತು, ಹದಿನೈದಾಯಿತು. ಹೊರಡಬೇಕಿದ್ದ ಮೊದಲ ಶನಿವಾರ ದಾರ ಸರಿಯಿಲ್ಲ ಅಂದ. ಎರಡನೆಯ ಶನಿವಾರ ಮೆಷೀನು ಹಟ ಹಿಡಿದಿದೆ ಅಂದ. ಮೂರನೆಯದಕ್ಕೆ ಜಿಪ್ಪು. ಅತ್ತಿಗೆ ಶುಕ್ರವಾರ ತುಂಬಿಸಿದ ಬ್ಯಾಗನ್ನು ಸೋಮವಾರ ಖಾಲಿ ಮಾಡುತ್ತಿದ್ದರು.

"ಏನೋ ಬಿಚ್ಚಪ್ಪ, ಟೆಂಟು ಹೊಲೀತಿದ್ದೀಯೋ ಅರಮನೆ ಕಟ್ತಿದ್ದೀಯೋ?"

"ಅವಸರ ಮಾಡಬೇಡ ಅಣ್ಣ. ಕುಂಬಾರನಿಗೆ ವರುಷ..."

"ದೊಣ್ಣೆ ಆಗಲೇ ನನ್ನ ತಲೆ ಮೇಲಿದೆ ಕಣೋ. ನಿಮಿಷದ ಲೆಕ್ಕ ನಂದು."

ತಮ್ಮ ನಗಲಿಲ್ಲ. ಮೆಷೀನಿನ ಮೇಲೆ ಬಾಗಿದ.

ಐದು ವಾರ ಕಳೆಯಿತು. ಡಾಕ್ಟರು ಕೊಟ್ಟ ತಿಂಗಳು ಮುಗಿದಿತ್ತು. ಹಾಸಿಗೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಅಣ್ಣ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ತಮ್ಮ ಹಗ್ಗ ತರಲು ಹೋಗಿದ್ದಾಗ, ಅಣ್ಣ ಮಹಡಿಯ ಮನೆಯಿಂದ ಅತ್ತಿಗೆಯ ಹೆಗಲು ಹಿಡಿದು ಕೆಳಗಿನ ಅಂಗಡಿಗೆ ಇಳಿದು ಬಂದ. ಮೆಷೀನಿನ ಪಕ್ಕ ಕೂತು, ಟೆಂಟಿನ ನೆತ್ತಿಯ ಹೊಲಿಗೆಯನ್ನು ತೊಡೆಯ ಮೇಲೆಳೆದುಕೊಂಡು ಬೆರಳಾಡಿಸಿದ. ದಾರ ಹೊಸದು. ಹೊಲಿಗೆ ಗೆರೆ ಎಳೆದ ಹಾಗಿತ್ತು. ಆದರೆ ಸೂಜಿ ಹೊಕ್ಕ ಪ್ರತಿ ತೂತಿನ ಪಕ್ಕ ಇನ್ನೊಂದು ತೂತು, ಅದರ ಪಕ್ಕ ಮತ್ತೊಂದು, ಮಗದೊಂದು. ಮೇಣ ಹಾಕಿದ ಕ್ಯಾನ್ವಾಸು ಒಮ್ಮೆ ಚುಚ್ಚಿಸಿಕೊಂಡದ್ದನ್ನು ಮರೆಯುವ ಬಟ್ಟೆಯಲ್ಲ.

ತಮ್ಮ ಹಗ್ಗದ ಸುರುಳಿ ಹೊತ್ತು ಒಳಗೆ ಬಂದ.

"ಎಷ್ಟು ಸಲ ಬಿಚ್ಚಿದೆ?"

ತಮ್ಮ ಸುರುಳಿಯನ್ನು ಕೆಳಗಿಟ್ಟ. "ಮೂರು."

"ಹೊಲಿಗೆ ಕೆಟ್ಟಿತ್ತಾ?"

"ಇಲ್ಲ."

"ಮತ್ತೆ?"

ತಮ್ಮ ಬಾಬಿನ್ನಿಗೆ ದಾರ ಸುತ್ತಲು ಶುರುಮಾಡಿದ; ಅದು ಆಗಲೇ ತುಂಬಿತ್ತು. "ಇದು ಮುಗಿಯೋವರೆಗೂ ನೀನು ಎಲ್ಲೂ ಹೋಗಲ್ಲ ಅನ್ನಿಸ್ತು."

ಅತ್ತಿಗೆ ಮೇಜಿನ ಮೇಲಿನ ಚೂರುಬಟ್ಟೆಗಳನ್ನು ಒಂದೊಂದಾಗಿ ಆರಿಸತೊಡಗಿದರು. ಅಣ್ಣ ಉಸಿರನ್ನು ಕೂಡಿಹಾಕಿಕೊಳ್ಳುವವರೆಗೆ ಇಬ್ಬರೂ ಕಾದರು.

"ನಾನು ಹೇಳದೇನೇ ನೀನು ಬಿಚ್ಚಿದ್ದು ಇದೇ ಮೊದಲು ಕಣೋ," ಎಂದ.

ತಮ್ಮ ಮತ್ತೆ ಬಿಚ್ಚಲಿಲ್ಲ; ಎರಡು ದಿನದಲ್ಲಿ ಟೆಂಟು ಮುಗಿಯಿತು. ಆ ವಾರ ಡಾಕ್ಟರೂ ಸುತ್ತಿಬಳಸಲಿಲ್ಲ. ಪ್ರಯಾಣ ಬಿಡಿ, ಇನ್ನು ಮೆಟ್ಟಿಲೂ ಬೇಡ ಅಂದರು. ಅಣ್ಣ ವಾದಿಸಲಿಲ್ಲ. ಸಂಜೆ ತಮ್ಮನನ್ನು ಹಾಸಿಗೆಯ ಬಳಿ ಕರೆಸಿದ.

"ನೀನು ಹೋಗಿ ನಿಲ್ಲಿಸು. ಇಳಿಜಾರಲ್ಲೇ ನಿಲ್ಲಿಸಬೇಕು. ನಿಂತ ಮೇಲೆ ಫೋನ್ ಮಾಡು."

"ಫೋಟೊ ಕಳಿಸ್ತೀನಿ ಅಣ್ಣ."

"ಫೋಟೊದಲ್ಲಿ ಬಟ್ಟೆಯ ಎಳೆತ ಕಾಣಲ್ಲ. ಕೈಯಿಟ್ಟು ನೋಡಿ ಹೇಳು. ಇನ್ನು ಸುಳ್ಳು ಬೇಡ. ಐದು ವಾರದ್ದೇ ಸಾಕು."

ಮರುದಿನ ನಸುಕಿಗೇ ವ್ಯಾನು ಹೊರಟಿತು. ಮಂಚ, ಸಿಲಿಂಡರು, ನಾಲ್ಕು ಸ್ವೆಟರು ಯಾವುದೂ ಇಲ್ಲದೆ ಅದರಲ್ಲಿ ಬೇಕಾದಷ್ಟು ಜಾಗವಿತ್ತು. ಶಿಬಿರದ ಮ್ಯಾನೇಜರು ಗೇಟಿನವರೆಗೆ ಬಂದು ಕರೆದುಕೊಂಡು ಹೋದ. ಮರಗಳ ನಡುವೆ ಅಣ್ಣ ಕತ್ತರಿಸಿದ ಟೆಂಟುಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಹಲಗೆಯ ಜಗಲಿಗಳ ಮೇಲೆ.

"ಇಳಿಜಾರಲ್ಲಿ ಯಾವುದೂ ಇಲ್ವಾ?" ಎಂದು ತಮ್ಮ ಕೇಳಿದ.

"ಇಳಿಜಾರಲ್ಲಿ ಯಾರು ಹಾಕ್ತಾರೆ ಸ್ವಾಮಿ? ಗಿರಾಕಿಗಳ ಕಾಫಿ ಚೆಲ್ಲುತ್ತೆ," ಎಂದ ಮ್ಯಾನೇಜರು. "ಮೊದಲಿನಿಂದಲೂ ಹಲಗೆ ಮೇಲೇ."

ಮೂವತ್ತೊಂದು ವರ್ಷ ಆ ಟೆಂಟುಗಳು ಒಂದು ಸಮನೆಲದಿಂದ ಇನ್ನೊಂದು ಸಮನೆಲಕ್ಕೆ ಪ್ರಯಾಣ ಮಾಡಿದ್ದವು. ತಮ್ಮ ಇದನ್ನು ನುಂಗಿಕೊಂಡು ಶಿಬಿರದ ಹಿಂದಿನ ದಿಬ್ಬ ಹತ್ತಿದ. ಅಲ್ಲಿ ಒದ್ದೆ ಎಲೆಯ ವಾಸನೆಯಿತ್ತು, ಎಲ್ಲೋ ಕೆಳಗೆ ಕಾಣದ ಹಳ್ಳವೊಂದು ಹರಿಯುವ ಸದ್ದಿತ್ತು. ಶಿಬಿರದ ಇಬ್ಬರು ಆಳುಗಳ ಜೊತೆ ಗೂಟ ಹೊಡೆದು, ಕಂಬ ಎತ್ತಿ, ಹಗ್ಗ ಬಿಗಿದು ಮುಗಿಸುವಾಗ ಮಧ್ಯಾಹ್ನ ಮೂರು. ಆಳುಗಳನ್ನು ಕಳಿಸಿ ಟೆಂಟಿನ ಸುತ್ತ ಎರಡು ಸಲ ನಡೆದ. ಆಮೇಲೆ ಫೋನು ಮಾಡಿದ.

"ನಿಂತಿತಾ?" ಅಣ್ಣನ ದನಿಗಿಂತ ಅವನ ಸಿಲಿಂಡರಿನ ಸದ್ದೇ ಜೋರಾಗಿತ್ತು.

"ನಿಂತಿದೆ. ಸೊಗಸಾಗಿದೆ."

"ಸೊಗಸು ನಿಮ್ಮತ್ತಿಗೆಗೆ ಹೇಳು. ಕೆಳಗಿನ ಮಗ್ಗುಲು ಹೇಗಿದೆ?"

ತಮ್ಮ ಕೈಯಿಟ್ಟು ನೋಡಿದ. "ಸ್ವಲ್ಪ ಎಳೀತಿದೆ. ಬಟ್ಟೆ ನೆಲ ಮುಟ್ಟಿಲ್ಲ."

"ಎಷ್ಟು?"

"ಎರಡು ಬೆರಳು."

"ನೆಟ್ಟಗೆ ಹೇಳು."

"ನಾಲ್ಕು."

ಆ ಕಡೆ ಸಿಲಿಂಡರು ಮಾತ್ರ ಉಸಿರಾಡಿತು. "ಯಾರ ಬೆರಳು, ನಿಂದಾ ನಂದಾ?"

"ನಂದು."

"ಹಾಗಾದ್ರೆ ನಂದು ಮೂರೂವರೆ." ಅಷ್ಟು ಹೇಳಿ ಅಣ್ಣ ಸುಧಾರಿಸಿಕೊಂಡ. "ಅಂದ್ರೆ ಇಷ್ಟು ವರ್ಷ ಅಂಗಳಕ್ಕೇ ಕತ್ತರಿಸಿದೆ ನಾನು. ಅಲ್ಲಿಯವರು ಒಂದು ದಿನವೂ ಬಾಯಿ ಬಿಡಲಿಲ್ವಲ್ಲೋ."

ಹಲಗೆಯ ವಿಷಯ ತಮ್ಮನ ನಾಲಿಗೆಯ ತುದಿಗೆ ಬಂತು. ಸುಳ್ಳು ಹೇಳಬೇಡ ಅಂದಿದ್ದ ಅಣ್ಣ. ಕೇಳದ್ದನ್ನು ಹೇಳು ಅಂದಿರಲಿಲ್ಲ.

"ಒಳ್ಳೇ ಜನ ಅಣ್ಣ," ಅಂದ.

"ಕಿಟಕಿಯಿಂದ ಏನು ಕಾಣುತ್ತೆ?"

ತಮ್ಮ ಒಳಗೆ ಹೋಗಿ, ಮಂಚ ಇರಬೇಕಿದ್ದ ಕಡೆ ನೆಲದ ಮೇಲೆ ಮಲಗಿದ. ಇಳಿಜಾರಾದ್ದರಿಂದ ಮೈ ಮೆಲ್ಲಗೆ ಕೆಳಕ್ಕೆ ಜಾರುತ್ತಿತ್ತು. ಕಾಂಡಗಳು ಕಂಡವು, ಆಮೇಲೆ ಮತ್ತಷ್ಟು ಕಾಂಡಗಳು. ಬೆಟ್ಟ ಕಾಣಲಿಲ್ಲ. ಹಾಗೆಂದೇ ಹೇಳಿದ.

"ಆಯ್ತು. ಮಡಚಿಕೊಂಡು ಬಾ," ಅಂದ ಅಣ್ಣ.

ಅಣ್ಣ ಆಮೇಲೆ ಹನ್ನೊಂದು ದಿನ ಇದ್ದ. ಮುಖಕ್ಕೆ ಮಾಸ್ಕ್ ಹಾಕಿದ್ದರಿಂದ ಮಾತು ಅತ್ತಿಗೆಗೆ ಮಾತ್ರ ಅರ್ಥವಾಗುತ್ತಿತ್ತು. ಅವರು ಬಾಗಿ ಕೇಳಿಸಿಕೊಂಡು ಉಳಿದವರಿಗೆ ದಾಟಿಸುತ್ತಿದ್ದರು. ಅಂಗಡಿ ತೆರೆಯಲಿಲ್ಲ. ತಮ್ಮ ದಿನವಿಡೀ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಕೊನೆಗೊಂದು ಬೆಳಿಗ್ಗೆ, ಸುಮ್ಮನಿರಲಾರದೆ ಹೇಳಿದ:

"ಆ ಮೂರೂವರೆ ಬೆರಳು ಸೇರಿಸಿ ಇನ್ನೊಂದು ಮಾಡ್ತೀನಿ ಅಣ್ಣ. ನಾನೇ ಕತ್ತರಿಸಿ ಹೊಲೀತೀನಿ. ಹತ್ತೇ ದಿನದ ಕೆಲಸ."

ಬಾಯಿಂದ ಬಿದ್ದ ಮೇಲೆ ಆ ಲೆಕ್ಕ ಅವನ ಕಿವಿಗೂ ಬಿತ್ತು.

ಅಣ್ಣ ಕಣ್ಣು ತೆರೆದು ಅವನನ್ನೇ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಮಾಸ್ಕಿನೊಳಗೆ ತುಟಿ ಅಲುಗಿತು.

"ಏನಂತೆ ಅತ್ತಿಗೆ?"

ಅತ್ತಿಗೆ ಬಾಗಿದವರು ಬೇಗ ಮೇಲೇಳಲಿಲ್ಲ.

"ಯಾರಿಗೆ ಅಂತ ಕೇಳ್ತಿದ್ದಾರೆ," ಅಂದರು.