ಉತ್ತರ ಕೊಡದವನು

ಹೆಂಡತಿ ಯಾರ ಹತ್ತಿರವೋ ಮಾತಾಡುತ್ತಿದ್ದಳು. ದನಿ ತೀರಾ ತಗ್ಗಿತ್ತು. ಅರ್ಧ ಗಡ್ಡ ಹೆರೆದುಕೊಂಡು ಬಚ್ಚಲಿನಿಂದ ಟವೆಲಿಗಾಗಿ ಹೊರಬಂದ ಮೇಷ್ಟ್ರು ಹಿಂದಿನ ಕೋಣೆಯ ಬಾಗಿಲ ಬಳಿ ನಿಂತುಬಿಟ್ಟರು. ಫೋನಿನಲ್ಲಿರಬೇಕು ಎಂದುಕೊಂಡರೆ, ಅವಳ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಬಿದ್ದಿರುವುದು ನಿಂತಲ್ಲಿಂದಲೇ ಕಾಣುತ್ತಿತ್ತು.

"ನಿನ್ನೆ ಮತ್ತೆ ಕೈ ನಡುಗಿತು," ಎಂದಳು ಒಳಗಿದ್ದವಳು. "ಸೂಜಿ ಹಿಡ್ಕೊಂಡಿದ್ದಾಗಲೇ. ಅಪ್ಪನಿಗೂ ಹೀಗೇ ಶುರುವಾಗಿದ್ದು, ನಿನಗೆ ಗೊತ್ತಲ್ಲ. ನನಗೆ ಭಯ ಆಗ್ತಿದೆ ಕಣೋ."

ಮೇಷ್ಟ್ರ ಎದೆ ಧಸಕ್ಕೆಂದಿತು. ಕೈ ನಡುಗಿದ ಸುದ್ದಿ ಕೇಳಿ ಎಂದರೆ ಅರ್ಧ ಮಾತ್ರ ನಿಜ. ಇನ್ನರ್ಧ ಆ 'ಕಣೋ'ಗೆ. ಮಗಳು ಓದಿ, ಕೆಲಸ ಹಿಡಿದು, ಬೇರೆ ಮನೆ ಮಾಡುವಷ್ಟು ಕಾಲ ಒಟ್ಟಿಗೆ ಸಂಸಾರ ಮಾಡಿದ ತಮಗೆ ಇವತ್ತಿಗೂ 'ರೀ', 'ನೀವು'. ಅವನ್ಯಾವನಿಗೋ 'ಕಣೋ' ಅಂತೆ.

ಬಾಗಿಲ ಸಂದಿಯಲ್ಲಿ ಇಣುಕಿದರು. ಒಳಗೆ ಬೇರೆ ಯಾರೂ ಇರಲಿಲ್ಲ. ಇಸ್ತ್ರಿಯಾಗದ ಬಟ್ಟೆಯ ರಾಶಿಯ ಪಕ್ಕದಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಅವಳು ದೇವರ ಹತ್ತಿರ ಮಾತಾಡುತ್ತಿದ್ದಳು. ಅವಳಪ್ಪ ತೀರಿಕೊಂಡ ವರ್ಷ ಶುರುವಾದ ಅಭ್ಯಾಸ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಾಗೆ ಕೂರುತ್ತಾಳೆಂದು ಮೇಷ್ಟ್ರಿಗೆ ಗೊತ್ತಿತ್ತು. ಏನೋ ಒಂದಿಷ್ಟು ಪ್ರಾರ್ಥನೆ ಗೊಣಗಿಕೊಳ್ಳುತ್ತಾಳೆ, ಪಾಪ, ನೆಮ್ಮದಿ ಸಿಗುವುದಾದರೆ ಸಿಗಲಿ ಎಂದು ದೊಡ್ಡ ಮನಸ್ಸು ಮಾಡಿದ್ದರು. ತಮಗೆ ಹೇಳದ ಸುದ್ದಿಯೆಲ್ಲ ಅಲ್ಲಿಗೆ ಹೋಗುತ್ತಿದೆಯೆಂದು ಯಾರಿಗೆ ಗೊತ್ತಿತ್ತು?

ಮೇಷ್ಟ್ರು ಕಾಲೇಜಿನಲ್ಲಿ ಕಲಿಸುವುದು ತತ್ವಶಾಸ್ತ್ರ. ಅದರಲ್ಲೂ ದೇವರನ್ನು ನಂಬುವುದಕ್ಕೆ ಸಕಾರಣವುಂಟೇ ಎಂಬ ಪ್ರಶ್ನೆ ಅವರ ಸ್ವಂತ ಜಹಗೀರು. ಹುಡುಗರು ಬೆನ್ನ ಹಿಂದೆ 'ಪುರಾವೆ ಮೇಷ್ಟ್ರು' ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವರಿಗೆ ಒಳಗೊಳಗೇ ಹಿಗ್ಗು. ಅವರ ಮೆಚ್ಚಿನ ವಾದ ದೇವರ ಮೌನದ ಮೇಲೆ ನಿಂತಿತ್ತು. ಪ್ರೀತಿಸುವ ದೇವರೊಬ್ಬ ಇದ್ದಿದ್ದರೆ, ಮನಸಾರೆ ಕರೆದವರಿಗೆ ಓಗೊಡುತ್ತಿದ್ದ. ಎಷ್ಟೋ ಜನ ಕರೆಯುತ್ತಾರೆ, ಉತ್ತರ ಬರುವುದಿಲ್ಲ. ಆದ್ದರಿಂದ ಅಂಥವನಿಲ್ಲ. ಈ ಮೂರು ಮೆಟ್ಟಿಲನ್ನು ಅವರು ಎಷ್ಟು ವರ್ಷ ಹತ್ತಿಳಿದಿದ್ದರೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಎಡವುತ್ತಿರಲಿಲ್ಲ.

ಈಗ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಇನ್ನೊಬ್ಬ ಗಂಡಸಾಗಿದ್ದರೆ ಬೇರೆ ಮಾತು. ಅವನಿಗೊಂದು ಬೋಳು ತಲೆಯೋ ಹುಳುಕು ಹಲ್ಲೋ ಇರುತ್ತಿತ್ತು, ಹೋಲಿಸಿಕೊಂಡು ಸಮಾಧಾನ ಪಡಬಹುದಿತ್ತು. ಕೊರಳಪಟ್ಟಿ ಹಿಡಿದು ಕೇಳೋಣವೆಂದರೆ ಈ ಆಸಾಮಿಗೆ ಕೊರಳೇ ಇಲ್ಲ. ಇಲ್ಲವೆಂದು ಸಾಧಿಸಿ ತೋರಿಸಿದವರೂ ತಾವೇ. ಇಲ್ಲದವನ ಮೇಲೆ ಹೊಟ್ಟೆಕಿಚ್ಚು ಪಡುವುದು ತರ್ಕಕ್ಕೆ ಕೂರುವುದಿಲ್ಲ ಎಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಆ ವಾರವೆಲ್ಲ ಮೇಷ್ಟ್ರು ಹೆಂಡತಿಯ ಕೈಯನ್ನೇ ನೋಡಿದರು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಎಳೆ ಮಕ್ಕಳ ನರ ಹುಡುಕುವುದರಲ್ಲಿ ಅವಳ ಕೈ ಪಳಗಿದ ಕೈ ಎಂದು ಡಾಕ್ಟರುಗಳೇ ಹೇಳುತ್ತಿದ್ದರು. ಈಗ ಹಾಲು ಬಗ್ಗಿಸುವಾಗ ಎಡಗೈ ಬಳಸುತ್ತಿದ್ದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಹೇಳಲಿ ಎಂದು ಮೇಷ್ಟ್ರು ದಾರಿ ಮಾಡಿಕೊಟ್ಟರು. ಆಸ್ಪತ್ರೆಯಲ್ಲಿ ಏನು ವಿಶೇಷ ಎಂದರೆ, "ಏನಿಲ್ಲ, ಮಾಮೂಲು" ಎಂದಳು. ಈ 'ಏನಿಲ್ಲ'ವನ್ನು ವರ್ಷಗಟ್ಟಲೆ ಕೇಳಿದ್ದರು. ಏನೂ ಇಲ್ಲ ಎಂದೇ ಅದರ ಅರ್ಥ ಮಾಡಿಕೊಂಡಿದ್ದರು.

ತಡೆಯಲಾರದೆ ಹೆಂಡತಿಯ ತಂಗಿಗೆ ಫೋನು ಮಾಡಿ, ಅದೂ ಇದೂ ವಿಚಾರಿಸಿ, ಅಕ್ಕ ಏನಾದರೂ ಹೇಳಿದಳಾ ಎಂದು ಸುತ್ತಿ ಬಳಸಿ ಕೇಳಿದರು. ಅವಳಿಗೂ ಗೊತ್ತಿರಲಿಲ್ಲ. ಅಂತೂ ಎರಡನೆಯ ಸ್ಥಾನ ತಮ್ಮದೇ ಎಂದು ಒಂದು ಗಳಿಗೆ ಸಮಾಧಾನವಾಯಿತು. ಆ ಸ್ಥಾನವನ್ನೂ ಕದ್ದು ಕೇಳಿ ಗಿಟ್ಟಿಸಿದ್ದು ಎಂದು ನೆನಪಾದ ಮೇಲೆ ಅದೂ ಹೋಯಿತು.

ತರಗತಿಯಲ್ಲಿ ಮೌನದ ವಾದದ ಸರದಿ ಬಂದಾಗ ಅವರು ಎಂದಿನಂತೆ ತಣ್ಣಗೆ ಶುರುಮಾಡಿದರು. ನಡುವೆ ಎಲ್ಲೋ ದನಿ ಏರಿತು. ಇಂಥ ಮುಗುಮ್ಮು ಆಸಾಮಿಯನ್ನು ಜನ ಯಾಕೆ ಮೆಚ್ಚಬೇಕು, ಒಂದು ಲೋಟ ನೀರು ತಂದುಕೊಡದವನಿಗೆ ಎಲ್ಲ ಯಾಕೆ ಹೇಳಿಕೊಳ್ಳಬೇಕು ಎಂದು ಮೇಜು ಗುದ್ದಿದರು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. "ಸರ್, ಇಲ್ಲದವನ ಮೇಲೆ ಇಷ್ಟೊಂದು ಸಿಟ್ಟು ಯಾಕೆ?" ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು, ಆದರೆ ಆ ನಗು ತುಟಿಯಿಂದ ಒಳಗೆ ಇಳಿಯಲಿಲ್ಲ.

ಭಾನುವಾರ ಬೆಳಗ್ಗೆ ಊಟದ ಮೇಜಿನ ಎದುರು ಕೂತು ಅವಳು ಎಡಗೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಮೇಷ್ಟ್ರು ಕದ್ದು ಕೇಳಿದ್ದನ್ನು ಒಪ್ಪಿಕೊಂಡರು. ಅವಳು ಚಾಕು ಕೆಳಗಿಟ್ಟಳು, ಸಿಟ್ಟಾಗಲಿಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಎದುರಾಳಿ ಇಲ್ಲವೆಂದು ಸಾಬೀತಾದರೆ ಹೆಂಡತಿ ತಾನಾಗಿ ತಮ್ಮ ಕಡೆ ತಿರುಗುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಮೂರು ಮೆಟ್ಟಿಲನ್ನೂ ಹತ್ತಿದರು.

"ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನಿನಗೆ ಉತ್ತರ ಕೊಟ್ಟಿದ್ದಾನಾ?"

"ಇಲ್ಲ."

"ಮತ್ತೆ?"

"ಅದಕ್ಕೇ ಹೇಳ್ಕೋತೀನಿ."

"ಹಾಗಾದರೆ ಗೋಡೆಗೆ ಹೇಳು. ಅದೂ ಉತ್ತರ ಕೊಡಲ್ಲ."

"ಗೋಡೆಗೆ ಕೇಳಿಸಲ್ಲ," ಎಂದಳು.

ಅವನಿಗೆ ಕೇಳಿಸುತ್ತದೆ ಎನ್ನುವುದಕ್ಕೆ ಪುರಾವೆಯೇನು ಎಂದು ಕೇಳದೆ ಅವರಿಂದ ಇರಲಾಗಲಿಲ್ಲ. ಪುರಾವೆ ತನ್ನ ಹತ್ತಿರ ಇಲ್ಲ ಎಂದಳು. ಕೆಲವು ದಿನ ಇದ್ದಾನೆ ಅನ್ನಿಸುತ್ತದೆ, ಕೆಲವು ದಿನ ಅನ್ನಿಸುವುದಿಲ್ಲ, ಅನ್ನಿಸದ ದಿನವೂ ಕೂತು ಹೇಳುತ್ತೇನೆ ಎಂದಳು. ಆಮೇಲೆ ಬ್ರೆಡ್ಡಿನ ಅಂಚು ಮುರಿಯುತ್ತ ಕೇಳಿದಳು:

"ಅಪ್ಪ ಹೋದಾಗ ನಾನು ನಿಮ್ಮ ಹತ್ರ ಒಂದು ಮಾತು ಹೇಳಿದ್ದೆ. ನೆನಪಿದೆಯಾ? ಕೊನೇ ಗಳಿಗೇಲಿ ಅಪ್ಪ ಬಾಗಿಲ ಕಡೆ ನೋಡಿ ನನ್ನನ್ನೇ ಹುಡುಕ್ತಿದ್ರಂತೆ, ನಾನು ತಡವಾಗಿ ಹೋದೆ ಅಂತ. ನೀವು ಏನಂದ್ರಿ ಹೇಳಿ."

ಮೇಷ್ಟ್ರಿಗೆ ನೆನಪಿತ್ತು. ಆ ಸ್ಥಿತಿಯಲ್ಲಿ ಮೆದುಳು ಯಾರನ್ನೂ ಗುರುತಿಸುವುದಿಲ್ಲ, ಕಣ್ಣು ಸುಮ್ಮನೆ ತಿರುಗುತ್ತದೆ, ಅದರಲ್ಲಿ ಹುಡುಕಾಟ ಕಾಣುವುದು ನಮ್ಮ ಕಲ್ಪನೆ ಎಂದಿದ್ದರು. ಅವಳ ತಪ್ಪಿಲ್ಲವೆಂದು ತೋರಿಸಲಿಕ್ಕೇ ಹೇಳಿದ್ದು.

"ನೀವು ಹೇಳಿದ್ದು ನಿಜಾನೇ ಇರಬಹುದು," ಎಂದಳು. "ಆದರೆ ನನಗೆ ಆ ಮಾತು ಇನ್ನೂ ಹೇಳೋದಿತ್ತು. ನೀವು ಮುಗಿಸಿಬಿಟ್ರಿ."

ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಕೈಯ ವಿಷಯ ನನಗೂ ಹೇಳು. ನಾನು ನಡುವೆ ಬಾಯಿ ಹಾಕಲ್ಲ."

"ನಿಮ್ಮ ಕೈಲಿ ಆಗಲ್ಲ ರೀ," ಎಂದು ಅವಳು ನಕ್ಕಳು. ಆದರೂ ಹೇಳಿದಳು. ಮೊದಲ ಸಲ ನಡುಗಿದ್ದು ಒಬ್ಬ ಮುದುಕರ ತೋಳಿನ ಮೇಲೆ. ಚಳಿ ಇರಬೇಕು ಎಂದುಕೊಂಡಳಂತೆ. ಕೊನೆಕೊನೆಗೆ ಅಪ್ಪನ ಬಾಯಿಗೆ ಅನ್ನ ಇಡಬೇಕಾಗಿತ್ತಲ್ಲ, ಅದೇ ಕಣ್ಣ ಮುಂದೆ ಬರುತ್ತದಂತೆ. ಮೇಷ್ಟ್ರ ನಾಲಿಗೆಯ ಮೇಲೆ ಉತ್ತರಗಳು ಸಾಲುಗಟ್ಟಿದವು. ಥೈರಾಯ್ಡ್ ಇರಬಹುದು, ಕಾಫಿ ಜಾಸ್ತಿಯಾಗಿರಬಹುದು, ನರದ ಡಾಕ್ಟರೊಬ್ಬರು ತಮಗೆ ಪರಿಚಯ. ಒಂದೊಂದನ್ನೂ ಕಹಿ ಮಾತ್ರೆಯಂತೆ ನುಂಗಿದರು. ಅವಳು ಮಾತು ನಿಲ್ಲಿಸಿ, ಈಗ ಶುರುಮಾಡುತ್ತಾರೆ ಎಂಬಂತೆ ಅವರ ಮುಖ ನೋಡಿದಳು. ಮೇಷ್ಟ್ರು ತುಟಿ ಬಿಚ್ಚಲಿಲ್ಲ.

"ಇನ್ನೊಂದಿದೆ," ಎಂದಳು. "ಇದನ್ನ ಅವನಿಗೂ ಹೇಳಿಲ್ಲ."

ಮೇಷ್ಟ್ರಿಗೆ ನಾಚಿಕೆಗೆಟ್ಟ ಖುಷಿಯಾಯಿತು. ಅವನಿಗೂ ಹೇಳದ್ದು! ಎಲ್ಲ ಬಲ್ಲವನಿಂದ ಮುಚ್ಚಿಡುವುದು ಹೇಗೆ ಸಾಧ್ಯ ಎಂಬ ಆಕ್ಷೇಪಣೆ ಆ ಖುಷಿಯಲ್ಲೂ ತಲೆಯೆತ್ತಿತು. ಅದನ್ನೂ ನುಂಗಿದರು.

"ಒಂದು ಮಗುವಿಗೆ ನನ್ನ ಸೂಜಿ ತಪ್ಪಿ ತೋಳೆಲ್ಲ ನೀಲಿಗಟ್ಟಿತು. ಅವರಮ್ಮ ದೂರು ಕೊಟ್ಟರು. ಯಾರು ಚುಚ್ಚಿದ್ದು ಅಂತ ಸೂಪರ್‌ವೈಸರ್ ಬಂದು ಕೇಳಿದ್ರು. ಪಕ್ಕದ ಮೇಜಿನ ಅಕ್ಕ ಇದಾರಲ್ಲ, ಅವರಿಗೆ ಕಣ್ಣು ಮಂಜು ಅಂತ ಎಲ್ಲರಿಗೂ ಗೊತ್ತು. ಅವರೇ ಇರಬೇಕು ಅಂದುಕೊಂಡ್ರು. ಆ ಅಕ್ಕನಿಗೂ ತಾನೇ ಏನೋ ಅನ್ನೋ ಅನುಮಾನ ಬಂತು. ಒಪ್ಪಿಕೊಂಡುಬಿಟ್ರು. ಈಗ ಹಿಂದಿನ ಕೋಣೇಲಿ ಸೀಸೆ ತೊಳೀತಿದಾರೆ." ಅವಳು ತಟ್ಟೆಯನ್ನೇ ನೋಡುತ್ತಿದ್ದಳು. "ನಾನು ಅಲ್ಲೇ ಇದ್ದೆ. ಸುಮ್ಮನಿದ್ದೆ. ಅವನಿಗೆ ಹೇಳೋಕೆ ನನಗೆ ಮುಖ ಇಲ್ಲ."

ಮೇಷ್ಟ್ರು ಕಾದರು. ಸಾಲುಗಟ್ಟಿ ಬರುತ್ತಿದ್ದ ಉತ್ತರಗಳಲ್ಲಿ ಒಂದೂ ಬರಲಿಲ್ಲ. ಗೆದ್ದ ಖುಷಿ ಯಾವಾಗ ಇಳಿದು ಹೋಯಿತೋ ಗೊತ್ತಾಗಲಿಲ್ಲ. ಇಂಥದ್ದನ್ನೆಲ್ಲ ದಿನಾ ಕೇಳಿಸಿಕೊಂಡು ಕೂರುವವನಿಗೆ ಹೇಗಿರಬೇಡ ಎಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು. ಅಂಥವನೊಬ್ಬ ಇದ್ದಿದ್ದರೆ.

ಅವಳು ಬಲಗೈಯಿಂದಲೇ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಗುಡಿಸತೊಡಗಿದಳು. ಕೈ ನಡುಗುತ್ತಿತ್ತು. ಮುಚ್ಚಿಕೊಳ್ಳಲು ಹೋಗಲಿಲ್ಲ. ಚೂರುಗಳು ಅತ್ತಿತ್ತ ಚದುರುತ್ತ ಮೇಜಿನ ಅಂಚಿಗೆ ಬಂದವು. ಮೇಷ್ಟ್ರು ಅಂಚಿನ ಕೆಳಗೆ ಅಂಗೈ ಒಡ್ಡಿ, ಕೊನೆಯ ಚೂರು ಬೀಳುವವರೆಗೂ ಹಾಗೇ ಹಿಡಿದುಕೊಂಡಿದ್ದರು.