ಹನ್ನೆರಡನೆಯ ಕುರ್ಚಿ

"ನಿನ್ನ ಕೊಳಕು ಕಾಲು ತೊಳ್ಕಳಾಕೆ ನನ್ನ ದನ ಕುಡಿಯೋ ಬಾನಿನೇ ಬೇಕಾಯ್ತೇನ್ಲಾ, ಬೋಳಿಮಗನೆ?"

ರಾಯಪ್ಪಗೌಡ ಬಾರುಗೋಲು ಎತ್ತಿದ. ನನ್ನ ಗಂಡನ ಅಪ್ಪ, ಮಾವ ಯಾಗಪ್ಪ ಕಲ್ಲುಬಾನಿಯಿಂದ ಕಾಲು ತೆಗೆದು, ಹೆಗಲ ವಸ್ತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೆಲ ಮುಟ್ಟುವಂತೆ ಬಾಗಿದ.

"ತಪ್ಪಾಯ್ತು ಬುದ್ದಿ. ಕೇರಿ ಗುಂಡೀಲಿ ಬರೀ ಬಗ್ಗಡ, ಕುಡಿಯಾಕೂ ಇಲ್ಲ. ಅದ್ಕೆ ಒಸಿ ಅದ್ಬುಟ್ಟೆ."

"ಯಾಕ್ಲಾ? ಮದ್ವೆ ಗಂಡಾ ನೀನು?"

"ನಾಳಿದ್ದು ಬೇಸ್ತವಾರ ಅಲ್ವ ಬುದ್ದಿ. ಈ ಸತಿ ಚರ್ಚ್ನಲ್ಲಿ ನನ್ ಕಾಲ್ನೂ ತೊಳೀತೀನಿ ಅಂತ ಸಾಮೇರು ಏಳವ್ರೆ. ಕೊಳಕು ಕಾಲು ಕೊಡಬಾರ್ದಲ್ಲ ಅಂತ..."

ಬಾರುಗೋಲು ಅರ್ಧಕ್ಕೇ ನಿಂತಿತು. ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯಾಪಾರ ಮುಗಿಸಿಕೊಂಡು ಗೌಡ ಅವತ್ತು ಬೆಳಿಗ್ಗೆಯಷ್ಟೇ ಊರಿಗೆ ಬಂದಿದ್ದ. ಈ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ. ಮೊದಲು ನಕ್ಕ. ಆಮೇಲೆ ತೆಂಗಿನ ಕರಟವೊಂದನ್ನು ಮಾವನ ಮುಂದೆ ಎಸೆದ.

"ಎತ್ತಾಕು. ಒಂದು ತೊಟ್ಟು ಇರಬಾರ್ದು ಬಾನಿಲಿ."

ಮಾವ ಮಂಡಿಯೂರಿ ಕರಟದಲ್ಲಿ ಮೊಗೆದು ಮೊಗೆದು ಚೆಲ್ಲಿದ. ಅಷ್ಟೂ ನೀರು ಮಣ್ಣು ಕುಡಿಯಿತು. ಮತ್ತೆ ತುಂಬಲು ಮೇಲುಬೀದಿಯ ಆಳು ಬರಬೇಕು, ನಾವು ಬಾವಿಯ ಹಗ್ಗ ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಎತ್ತುಗಳೂ ನಾಲಗೆ ಚಾಚಿಕೊಂಡು ನಿಂತಿದ್ದವು. ನಾನು ಹುಲ್ಲಿನ ಹೊರೆ ಹೊತ್ತುಕೊಂಡು ನೋಡುತ್ತಿದ್ದೆ. ಬೇರೆ ಏನು ಮಾಡಬೇಕಿತ್ತು, ನೀವೇ ಹೇಳಿ.

ಗೌಡ ಬೇರೆ ಧರ್ಮದವನೆಂದು ತಿಳಿಯಬೇಡಿ. ಅವನೂ ನಾವೂ ಒಂದೇ ದೇವರ ಒಕ್ಕಲು. ಅವನ ತಾತನಿಗೂ ನನ್ನ ಮಾವನ ತಾತನಿಗೂ ಒಂದೇ ದಿನ, ಒಬ್ಬರೇ ಗುರುಗಳು ತಲೆಗೆ ನೀರು ಹಾಕಿ ಹೆಸರಿಟ್ಟರಂತೆ. ಆ ನೀರು ಆರುವ ಮೊದಲೇ ಚರ್ಚಿನ ನಡುವೆ ಮರದ ಕಟಾಂಜನ ಎದ್ದಿರಬೇಕು. ಅದರ ಮುಂದೆ ಮೇಲುಬೀದಿಯವರು, ಹಿಂದೆ ನೆಲದ ಮೇಲೆ ನಾವು. ಆ ಚರ್ಚನ್ನು ದೊಡ್ಡದು ಮಾಡಿ ಕಟ್ಟಿದಾಗ ಅದರ ಹೊಸಿಲುಗಲ್ಲನ್ನು ರಾಮಾಪುರದ ಕಡೆಯಿಂದ ಎಳೆದು ತಂದವರಲ್ಲಿ ಮಾವನೂ ಒಬ್ಬ. ಕಲ್ಲು ಜಾರಿ ಬಲಗಾಲಿನ ಬೆರಳುಗಳು ಜಜ್ಜಿಹೋದವು. ಬೆರಳಿಲ್ಲದ ಆ ಕಾಲಿನಲ್ಲೇ ಅವನು ಇಷ್ಟು ಕಾಲ ಆ ಹೊಸಿಲು ದಾಟಿದ್ದಾನೆ.

ಏಸುಸ್ವಾಮಿ ಸಾಯುವ ಹಿಂದಿನ ದಿನ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಪ್ರತಿ ವರ್ಷ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಹನ್ನೆರಡೂ ಮೇಲುಬೀದಿಯ ಕಾಲುಗಳೇ. ಅವರು ಮನೆಯಲ್ಲಿ ಸೀಗೆಪುಡಿ ಹಾಕಿ ಉಜ್ಜಿ, ಉಗುರು ಕತ್ತರಿಸಿಕೊಂಡು, ತೊಳೆದ ಕಾಲನ್ನೇ ತೊಳೆಸಿಕೊಳ್ಳಲು ಬರುತ್ತಿದ್ದರು.

ಮಾವ ಒಮ್ಮೆ ಚರ್ಚಿನಲ್ಲಿ ಪಾಠ ಹೇಳುವ ಉಪದೇಶಿಯನ್ನು ಕೇಳಿದ್ದ. "ಆ ಹನ್ನೆರ್ಡು ಜನ ಯಾವ ಕಸುಬ್ನೋರು ಸಾ?"

"ಮೀನು ಹಿಡಿಯೋರು ಕಣೋ, ಬಾಳ ಜನ."

"ಅಂಗಾರೆ ಕಾಲು ನಾರ್ತಿದ್ದೊ ಅನ್ನಿ." ಅವತ್ತು ಇಡೀ ದಿನ ಮಾವ ತನ್ನಷ್ಟಕ್ಕೆ ನಗುತ್ತಿದ್ದ.

ಈ ವರ್ಷ ಉಪವಾಸ ಕಾಲದಲ್ಲಿ ಆ ಹನ್ನೆರಡರಲ್ಲಿ ಒಬ್ಬ ಮುದುಕ ತೀರಿಕೊಂಡ. ಹೊಸದಾಗಿ ಬಂದಿದ್ದ ಗುರುಗಳಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ, ಊರಿನ ರೀತಿಯೂ ಗೊತ್ತಿರಲಿಲ್ಲ. ಆ ಬೇಸ್ತವಾರದ ಹಿಂದಿನ ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ, "ಹನ್ನೆರಡನೆಯವರು ಯಾಗಪ್ಪನವರು, ಹಿರಿಯರು" ಎಂದುಬಿಟ್ಟರು. ಹುಟ್ಟಿದಾಗಿನಿಂದ ಮಾವನ ಹೆಸರಿಗೆ ಯಾರೂ 'ಅವರು' ಸೇರಿಸಿರಲಿಲ್ಲ. ಮೇಲುಬೀದಿಯವರು ಗೌಡ ಬರಲಿ ಎಂದು ಬಾಯಿ ಬಿಗಿದುಕೊಂಡು ಕುಳಿತರು. ಮಾವನಿಗೋ ಕೆಮ್ಮಿದರೆ ರಕ್ತ. ಇನ್ನೊಂದು ಬೇಸ್ತವಾರ ಅವನಿಗಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಬಾನಿ ಖಾಲಿ ಮಾಡಿಸಿದ ಸಂಜೆಯೇ ಗೌಡ ಗುರುಗಳ ಬಂಗಲೆಗೆ ಹೋದ. ಚರ್ಚಿನ ಹೊಸ ಮಾಡಿಗೆ ಮರ ಕೊಡುತ್ತೇನೆಂದು ಮಾತು ಕೊಟ್ಟಿದ್ದವನು ಅವನೇ. ಅಲ್ಲಿ ಏನು ಮಾತಾಯಿತೋ ತಿಳಿಯದು. ನಮಗಂತೂ ಬರಬೇಡಿ ಎಂದು ಯಾರೂ ಹೇಳಲಿಲ್ಲ.

ಬೇಸ್ತವಾರ ಮಧ್ಯಾಹ್ನ ಕುಡಿಯುವ ನೀರಲ್ಲೇ ಒಂದು ಚೊಂಬು ಉಳಿಸಿ, ಇಟ್ಟಿಗೆ ಚೂರಿನಿಂದ ಮಾವನ ಹಿಮ್ಮಡಿ ಉಜ್ಜಿದೆ. ಬಿರುಕಿನೊಳಗಿನ ಕಪ್ಪು ಹೋಗಲೇ ಇಲ್ಲ.

"ಬುಡು ಆರೋಗ್ಯಿ. ಮಿಕ್ಕದ್ದು ಅವರು ತೊಳೀಲಿ," ಎಂದು ಮಾವ ನಕ್ಕ.

ಅವನ ಕೈ ಹಿಡಿದು ಕಟಾಂಜನ ದಾಟಿಸಿದೆ. ಹನ್ನೊಂದು ಕುರ್ಚಿ ತುಂಬಿದ್ದವು. ಮೊದಲನೆಯದರಲ್ಲಿ ಗೌಡ. ಮಾವ ಹನ್ನೆರಡನೆಯದರ ಅಂಚಿನಲ್ಲಿ, ಅದು ಮುರಿದೀತು ಎಂಬ ಹೆದರಿಕೆಯಲ್ಲಿ ಕುಳಿತ. ಗುರುಗಳು ಬೆವರುತ್ತಿದ್ದರು. ಆದರೂ ಮೊದಲು ಮಾವನ ಬಳಿಗೇ ಬಂದರು. ಹಿತ್ತಾಳೆ ಬೋಗುಣಿ ಇಟ್ಟು, ಬೆಚ್ಚಗಿನ ನೀರು ಸುರಿದು, ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿಕೊಂಡು ಬಗ್ಗಿದರು. ಮಾವ ಬೆರಳಿಲ್ಲದ ಕಾಲನ್ನು ಮುಂದೆ ಚಾಚಿದ.

ಗೌಡ ಎದ್ದ. ಅವನ ಹಿಂದೆ ಉಳಿದ ಹತ್ತು ಜನವೂ ಎದ್ದು ಬಾಗಿಲಿಗೆ ನಡೆದರು.

"ಅವನ್ ಕಾಲು ಮುಟ್ಟಿದ ಕೈಲಿ ನಮ್ಮನ್ನ ಮುಟ್ಬ್ಯಾಡಿ ಸಾಮೀ. ನಾಳೆಯಿಂದ ಪೂಜೆ ಕೇರೀಲೇ ಮಾಡ್ಕಳಿ. ಮರನೂ ಅವ್ರೇ ಕೊಡ್ಲಿ."

ಗುರುಗಳ ಕೈ ಮಾವನ ಪಾದಕ್ಕೆ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಒಂದು ಗೇಣು, ದೇವರೇ, ಒಂದೇ ಗೇಣು ಎಂದು ಬೇಡಿಕೊಂಡೆ. ಕೈ ಹಿಂದಕ್ಕೆ ಹೋಯಿತು.

"ಯಾಗಪ್ಪ, ಊರು ಒಡೆಯೋದು ಬೇಡ. ನಾಡಿದ್ದು ಬಂಗಲೆಗೆ ಬಾ, ಯಾರೂ ಇಲ್ಲದಾಗ ತೊಳೀತೀನಿ. ದೇವರು ಮನಸ್ಸು ನೋಡ್ತಾನೆ. ಈಗ ಏಳಪ್ಪ."

'ಅವರು' ಹೋಗಿಬಿಟ್ಟಿತ್ತು.

"ಯಾರೂ ಇಲ್ದಾಗ ತೊಳ್ಸ್ಕಳಾಕೆ ನಾ ಏನ್ ಕಳ್ಳನಾ ಸಾಮಿ?" ಎಂದ ಮಾವ. "ನಾ ಏಳಕಿಲ್ಲ. ತೊಳೀರಿ, ಇಲ್ಲಾಂದ್ರೆ ಎತ್ತಿ ಆಚ್ಗೆ ಆಕಿ."

ಎತ್ತುವವರು ಯಾರು? ಎತ್ತಬೇಕಾದರೆ ಮುಟ್ಟಬೇಕು. ಮೇಲುಬೀದಿಯ ಗಟ್ಟಿ ಆಳುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಒಳಗೊಳಗೇ ನಗು ಬಂತು. ಯಾವ ಮೈಲಿಗೆ ನಮ್ಮನ್ನು ಕಟಾಂಜನದ ಆಚೆ ಕೂರಿಸಿತ್ತೋ ಅದೇ ಈಗ ಮಾವನನ್ನು ಕುರ್ಚಿಯಲ್ಲಿ ಕಾಯುತ್ತಿತ್ತು. ಬೋಗುಣಿಯ ನೀರು ತಣ್ಣಗಾಗುತ್ತಿತ್ತು. ನಾನೇ ತೊಳೆಯಲೇ ಎಂದು ಬಗ್ಗಿದೆ.

"ನೀ ಬ್ಯಾಡ ಕನವ್ವ," ಎಂದ ಮಾವ. "ನೀ ದಿನಾ ತೊಳೀತಿಯಲ್ಲ."

ಗೌಡ ದಡ್ಡನಲ್ಲ. ಹೊಲಕ್ಕೆ ಆಳು ಕಳಿಸಿದ. ಏಸುಸ್ವಾಮಿಯ ಬೇಸ್ತವಾರವೂ ಜೀತದವನಿಗೆ ಬಿಡುವಿಲ್ಲ. ನನ್ನ ಗಂಡ ಇನ್ನಾಸ ಮೊಣಕಾಲುಮಟ್ಟ ಧೂಳಿನಲ್ಲಿ ಓಡಿಬಂದ.

"ಎತ್ತಲಾ ನಿಮ್ಮಪ್ಪನ್ನ. ಇಲ್ದಿದ್ರೆ ಕತ್ತಲಾಗೊಳ್ಗೆ ನನ್ನ ಜಾಗದಿಂದ ನಿನ್ನ ಗುಡ್ಲು ಎತ್ತುಸ್ತೀನಿ. ಹೆಂಡ್ರು ಮಕ್ಳ ಕರ್ಕಂಡು ಕಾಡ್ಗೋಗು."

ಇನ್ನಾಸ ಅಪ್ಪನ ಮುಂದೆ ಬಂದು ನಿಂತ. ಕೈ ಮುಂದೆ ಬರಲಿಲ್ಲ. ಗುರುಗಳ ಕಡೆ ನೋಡಿದ. ಅವರು ಶಿಲುಬೆಯ ಕಡೆ ನೋಡುತ್ತಿದ್ದರು. ಉಪವಾಸ ಕಾಲದ ರೀತಿಯಂತೆ ಅದಕ್ಕೆ ಬಟ್ಟೆ ಮುಚ್ಚಿತ್ತು.

"ಅಪ್ಪಾ, ಮಕ್ಳು ಅವೆ ಕನಪ್ಪ..." ಎಂದು ಅತ್ತುಬಿಟ್ಟ.

ಮಾವ ಮಗನ ತಲೆ ಸವರಿದ.

"ಎತ್ತು ಮೊಗ. ನಿನ್ ತಪ್ಪಿಲ್ಲ."

ಇನ್ನಾಸ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಎದ್ದವನೇ ಮಾವ ಎರಡೂ ಕಾಲನ್ನು ಬೋಗುಣಿಯೊಳಗೆ ಇಟ್ಟು ನಿಂತ. ನೀರು ಚೆಲ್ಲಿ ಗುರುಗಳ ನಿಲುವಂಗಿ ಒದ್ದೆಯಾಯಿತು. ಇಟ್ಟಿಗೆಗೂ ಹೋಗದ ಕಪ್ಪು ನೀರಿನಲ್ಲಿ ಬಿಟ್ಟುಕೊಂಡಿತು. ಅಷ್ಟೇ. ಮಗ ಅವನನ್ನು ಹೊತ್ತುಕೊಂಡು ಹೊಸಿಲುಗಲ್ಲು ದಾಟಿದ. ಮಾವನ ಕಾಲಿನಿಂದ ಅದರ ಮೇಲೆ ನೀರು ತೊಟ್ಟಿಕ್ಕಿತು.

"ಆ ಬೋಗುಣಿನೂ ತಕಂಡೋಗಿ ಎಸೀ ಅನ್ನಿ ಆ ಹೆಂಗ್ಸ್ಗೆ. ಅದು ಇನ್ ಬ್ಯಾಡ," ಎಂದ ಗೌಡ. ಬಂಗಲೆಯಿಂದ ಬೇರೆ ಬೋಗುಣಿ ಬಂತು, ಬೇರೆ ನೀರು ಬಂತು. ಹನ್ನೊಂದು ಜನ ತಮ್ಮ ತಮ್ಮ ಕುರ್ಚಿಗೆ ಮರಳಿದರು. ಹನ್ನೆರಡನೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗೌಡನ ಕಿರಿಮಗನನ್ನು ಕೂರಿಸಿದರು. ನಾನು ಬೋಗುಣಿ ಎತ್ತಿಕೊಂಡು ಹೊರಟಾಗ ಬಾಗಿಲಲ್ಲಿದ್ದವರೆಲ್ಲ ದೂರ ಸರಿದು ದಾರಿ ಬಿಟ್ಟರು.

ಕೇರಿಗೆ ಹೋಗುವ ದಾರಿಯಲ್ಲೇ ಗೌಡನ ಬಾವಿ, ಅದರ ಪಕ್ಕ ಕಲ್ಲುಬಾನಿ. ಅದು ತುಂಬಿತ್ತು. ಎತ್ತುಗಳು ನೀರು ಕುಡಿಯುತ್ತಿದ್ದವು. ಬೋಗುಣಿಯಲ್ಲಿದ್ದುದನ್ನೆಲ್ಲ ಅದರೊಳಗೆ ಸುರಿದೆ. ಎತ್ತುಗಳು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಬಾಯಿ ಹಾಕಿದವು.

ಬೀದಿಯ ತುದಿಯಿಂದ ಯಾರೋ ಕೂಗಿಕೊಂಡರು. ಕೂಗು ಚರ್ಚಿನ ಕಡೆ ಓಡಿತು. ನಾನು ಓಡಲಿಲ್ಲ. ಬಾನಿಯ ಅಂಚಿಗೆ ಕುಳಿತು ನನ್ನ ಕಾಲನ್ನೂ ಒಳಗೆ ಬಿಟ್ಟೆ. ತಣ್ಣಗಿತ್ತು.

ಸ್ವಲ್ಪ ಹೊತ್ತಿಗೆ ಗೌಡ ಕಳಿಸಿದವನು ಒಬ್ಬನೇ ಬಂದ. ಇನ್ನಾಸ. ಕೈಯಲ್ಲಿ ಮೊನ್ನೆ ಮಾವ ಬಾನಿಯ ನೀರು ಮೊಗೆದು ಚೆಲ್ಲಿದ ಅದೇ ಕರಟವಿತ್ತು.