ಮುಂದಿನ ಗಾಲಿಯ ಗಾಳಿ

ಸಂಡೂರಿನ ಗುಡ್ಡಗಳು ಲಾರಿಗಟ್ಟಲೆ ಮಾರಾಟವಾಗುತ್ತಿದ್ದ ಕಾಲ ಅದು. ಅದಿರು ಹೊತ್ತ ಲಾರಿಗಳು ಹಗಲಿರುಳು ಓಡಿ ಓಡಿ, ರಸ್ತೆ ಎನ್ನುವುದು ಹೆಸರಿಗಷ್ಟೇ ಉಳಿದಿತ್ತು. ಚಿತ್ತವಾಡ್ಗಿಯ ಮಾರುತೇಶ ಅದೇ ರಸ್ತೆಯಲ್ಲಿ ಪಿಕಪ್ ಓಡಿಸಿ ಅನ್ನ ಉಣ್ಣುತ್ತಿದ್ದ. ಕಂಪ್ಲಿಯಿಂದ ಅಕ್ಕಿ, ಬಾಳೆಕಾಯಿ ತುಂಬಿಕೊಂಡು ಗಣಿ ಕ್ಯಾಂಪುಗಳಿಗೆ ಹಾಕಿ ಬರುವುದು ಅವನ ಕೆಲಸ. ಗಾಡಿ ಓಡಿಸುವುದರಲ್ಲಿ ತನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ ಎಂಬ ಗರ್ವ ಅವನಿಗಿತ್ತು. ಗರ್ವಪಡುವಷ್ಟು ಕೈಚಳಕವೂ ಇತ್ತೆನ್ನಿ.

ಆ ದಾರಿಯ ಪಿಕಪ್ ಡ್ರೈವರುಗಳಿಗೆ ಒಂದು ರೂಢಿ ಇತ್ತು. ಲೋಡು ಇಳಿಸಿದ ಮೇಲೆ ಖಾಲಿ ಗಾಡಿ ಗುಂಡಿ ಗುಂಡಿಗೂ ಹೋರಿಗರುವಿನಂತೆ ನೆಗೆಯುತ್ತದೆ. ಅದಕ್ಕೆ ಟೈರಿನ ಗಾಳಿ ಒಂದಿಷ್ಟು ಬಿಟ್ಟು ಮೆತ್ತಗೆ ಮಾಡಿಕೊಂಡು ಬರುತ್ತಾರೆ. ಒಳ್ಳೆಯ ಡಾಂಬರು ಶುರುವಾಗುವಲ್ಲಿ ಒಂದು ಪಂಚರ್ ಅಂಗಡಿ. ಅಲ್ಲಿ ಮತ್ತೆ ಗಾಳಿ ಹೊಡೆಸಿಕೊಂಡೇ ಮುಂದಿನ ಮಾತು. ಗಾಳಿ ಕಮ್ಮಿಯಾದ ಮುಂದಿನ ಟೈರು ಮೆಲ್ಲಗೆ ಹೋಗುವಾಗ ತೊಟ್ಟಿಲಿನಷ್ಟು ಸುಖ. ಜೋರಾಗಿ ಹೋದರೆ ಅದು ಸ್ಟೇರಿಂಗಿನ ಮಾತು ಕೇಳುವುದಿಲ್ಲ. ತಿರುಗಿಸಿದರೆ ತಡೆದು ತಿರುಗುತ್ತದೆ, ತಿರುಗಿದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ವಾಲುತ್ತದೆ. ಇದು ಮಾರುತೇಶನಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಸ ಡ್ರೈವರುಗಳಿಗೆ ಬೈದು ಬೈದು ಹೇಳಿಕೊಟ್ಟವನೇ ಅವನು.

ಅವನ ತಂಗಿ ರೇಣುಕಮ್ಮನನ್ನು ಸಂಡೂರಿಗೆ ಕೊಟ್ಟಿದ್ದರು. ಗಂಡ ಜಡೆಪ್ಪ ಅದಿರು ಲಾರಿ ಓಡಿಸುತ್ತಿದ್ದ. ಮದುವೆಯ ದಿನವೇ ಕುಡಿದು ಹಂದರದ ಕಂಬ ತಬ್ಬಿಕೊಂಡು ನಿಂತ ಮದುಮಗ ಎಂದು ಚಿತ್ತವಾಡ್ಗಿಯಲ್ಲೆಲ್ಲ ಹೆಸರಾದವನು. ತಾನು ಬಸುರಿಯಾದಾಗಿನಿಂದ ಅವರು ಬಾಟ್ಲಿ ಮುಟ್ಟಿಲ್ಲ ಎಂದು ರೇಣುಕಮ್ಮ ಹೇಳುತ್ತಲೇ ಇದ್ದಳು. ತವರಿನವರು ಹೂಂಗುಟ್ಟುತ್ತಿದ್ದರೇ ಹೊರತು ನಂಬುತ್ತಿರಲಿಲ್ಲ.

ಏಳು ತಿಂಗಳಿಗೆ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಬೇಕಿತ್ತು. ಮಾರುತೇಶ ದೊಡ್ಡಪ್ಪ ಗಾದಿಲಿಂಗಪ್ಪನನ್ನೂ ಓಣಿಯ ಒಂದಿಷ್ಟು ಹೆಂಗಸರನ್ನೂ ಹತ್ತಿಸಿಕೊಂಡು ಹಿಂದಿನ ದಿನವೇ ಹೋದ. ಸಂಜೆ ಜಡೆಪ್ಪ ಪಿಕಪ್ಪಿನ ಕೀಲಿ ಇಸಿದುಕೊಂಡು ಬಾಡಿಗೆ ಪಾತ್ರೆ, ಜಮಖಾನೆ ತಂದಿಳಿಸಿ, ಗಾಡಿಯನ್ನು ಮನೆ ಮುಂದೆ ನಿಲ್ಲಿಸಿದ. ಅವನು ಆ ಗಾಡಿ ಮುಟ್ಟಿದ್ದು ಅಷ್ಟೇ.

ಮರುದಿನ ಕುಬಸ ಮುಗಿದು ಊಟವಾಯಿತು. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡ ತಂಗಿಯನ್ನು ಕಂಡು ಮಾರುತೇಶನಿಗೆ ದಾರಿಯ ನೆನಪಾಯಿತು. ಈ ಗುಂಡಿಗಳಲ್ಲಿ ತುಂಬಿದ ಹೊಟ್ಟೆ ಹೇಗೆ ತಡೆದೀತು? ಯಾರಿಗೂ ಹೇಳದೆ ಮುಂದಿನ ಗಾಲಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ವಾಲ್ವಿನ ಪಿನ್ನು ಒತ್ತಿ, ಅಳೆಯುವ ಗೇಜಿಲ್ಲದೆ ಅಂದಾಜಿನ ಮೇಲೆ ಗಾಳಿ ಬಿಟ್ಟ. ದಿನಾ ಬಿಡುವುದಕ್ಕಿಂತ ಹೆಚ್ಚೇ ಬಿಟ್ಟ. ಎಡಗಾಲಿಯದು ಇನ್ನಷ್ಟು ಹೋಯಿತು. ತಂಗಿಯ ಮೇಲಿನ ಅಕ್ಕರೆಗೆ ಗೇಜು ಹಿಡಿದು ನೋಡುವವರು ಯಾರು?

ಹೆಂಡತಿಯನ್ನು ತವರಿನ ತನಕ ಬಿಟ್ಟು ಬರಲೆಂದು ಜಡೆಪ್ಪನೂ ಹಿಂದೆ ಹತ್ತಿದ. ಗುಂಡಿಯ ರಸ್ತೆಯುದ್ದಕ್ಕೂ ಗಾಡಿ ಹಾಸಿಗೆ ಹಾಸಿದಂತೆ ಬಂತು. ಹಿಂದೆ ಕೂತ ಹೆಂಗಸರು ಡ್ರೈವರನ್ನು ಬಾಯ್ತುಂಬ ಹೊಗಳಿದರು. ಪಂಚರ್ ಅಂಗಡಿಯೂ ಬಂತು. ಅಲ್ಲಿ ಆಗಲೇ ಗಾಡಿಗಳು ಸಾಲುಗಟ್ಟಿದ್ದವು. ರಾಹುಕಾಲ ಹುಟ್ಟುವುದರೊಳಗೆ ಮಗಳು ಹೊಸ್ತಿಲು ದಾಟಬೇಕು ಎಂದು ತಾಯಿ ಊರಮ್ಮ ಹೇಳಿ ಕಳಿಸಿದ್ದಳು. ದೊಡ್ಡಪ್ಪ ಹಿಂದಿನಿಂದ ಕ್ಯಾಬಿನ್ ಬಡಿದು ಜಲ್ದಿ ನಡೆ ಎಂದ. ಇವತ್ತೊಂದಿನ ನಡೆಯುತ್ತದೆ ಬಿಡು ಎಂದುಕೊಂಡು ಮಾರುತೇಶ ನಿಲ್ಲಿಸದೆ ಹೋದ. ಹೋಗಲಿ, ಮೆಲ್ಲಗೆ ಹೋದನೇ? ಡಾಂಬರು ಕಂಡದ್ದೇ ಕಾಲು ಒತ್ತಿದ.

ತಿರುವಿನಲ್ಲಿ ಲಾರಿಯೊಂದು ಇನ್ನೊಂದನ್ನು ಹಿಂದೆ ಹಾಕುತ್ತ ಎದುರಿಗೇ ಬಂತು. ಮಾರುತೇಶ ಎಡಕ್ಕೆ ತಿರುಗಿಸಿದ. ಗಾಡಿ ಮೊದಲು ಕೇಳಲಿಲ್ಲ, ಕೇಳಿದಾಗ ವಿಪರೀತ ಕೇಳಿತು. ಬಲಕ್ಕೆ ಎಳೆದರೆ ಅತ್ತ ಹೊಯ್ದಾಡಿತು, ಮತ್ತೆ ಎಡಕ್ಕೆ ಜಗ್ಗಿಕೊಂಡು ಹೋಗಿ ರಸ್ತೆ ಇಳಿದು ಮಣ್ಣಿನ ದಿಬ್ಬಕ್ಕೆ ಮೂತಿ ಊರಿ ನಿಂತಿತು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ನೆರೆಮನೆಯ ಮುದುಕಮ್ಮನ ಹಣೆ ಒಡೆಯಿತು. ಕ್ಯಾಬಿನ್ನಿನಲ್ಲಿದ್ದ ರೇಣುಕಮ್ಮ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬೆಳ್ಳಗಾಗಿದ್ದಳು. ಆಮೇಲೆ, ಕೂಸು ಒದೆಯುತ್ತಿದೆ, ಏನೂ ಆಗಿಲ್ಲ ಎಂದಳು.

ಎಲ್ಲರೂ ಇಳಿದು ಮಾರುತೇಶನ ಮುಖವನ್ನೇ ನೋಡಿದರು. ಮಾರುತೇಶನಿಗೆ ಕಾರಣ ಗೊತ್ತಿತ್ತು. ಗಾಲಿ ದಾರಿ ಬಿಟ್ಟಾಗಲೇ ಗೊತ್ತಾಗಿತ್ತು. ಆದರೆ ಬಸುರಿ ತಂಗಿಯನ್ನು ಕೂರಿಸಿಕೊಂಡು ಇಂಥ ಕೆಲಸ ಮಾಡಿದೆ ಎನ್ನಲು ನಾಲಿಗೆ ಏಳಲಿಲ್ಲ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಇವನಿಗೆ ಅಂಗಳದ ಬದಲು ಜಡೆಪ್ಪ ಸಿಕ್ಕ.

"ನಿನ್ನೆ ಸಂಜೀಕ ಜಡೆಪ್ಪ ಗಾಡಿ ತಗೊಂಡು ಹೋಗಿದ್ದನಲ್ಲ," ಎಂದ ಮಾರುತೇಶ, ಯಾರನ್ನೂ ನೋಡದೆ. "ಕುಡುದು ಎಲ್ಲೋ ಕಲ್ಲಿಗೆ ಹೊಡದಾನ. ಸ್ಟೇರಿಂಗ್ ಕೆಟ್ಟೈತಿ."

ಅಷ್ಟು ಸಾಕಾಯಿತು. ಗಾದಿಲಿಂಗಪ್ಪ ಜಡೆಪ್ಪನ ಮೇಲೆ ಹರಿಹಾಯ್ದ. ಹೆಂಡತಿ, ಹೊಟ್ಟೆಯೊಳಗಿನ ಕೂಸು ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಲು ಹೊರಟಿದ್ದೆಯೇನು ಎಂದು ಕೇಳಿದ. ಹೆಂಗಸರು ಮದುವೆಯ ಹಂದರದಿಂದ ಶುರುಮಾಡಿ ಒಂದೊಂದೇ ಎತ್ತಿ ಆಡಿದರು. ತಾನು ಕುಡಿದಿಲ್ಲ, ಗಾಡಿ ಎಲ್ಲೂ ತಾಗಿಸಿಲ್ಲ ಎಂದು ಜಡೆಪ್ಪ ಹೇಳಿದ. ರೇಣುಕಮ್ಮನೂ ಹೇಳಿದಳು. ದೊಡ್ಡಪ್ಪ ಅವಳ ಬಾಯಿ ಮುಚ್ಚಿಸಿದ.

"ಚೊಚ್ಚಲ ಕೂಸು ಹುಟ್ಟೋ ಮನೀಗೆ ಕುಡುಕರು ಬರೋದು ಬ್ಯಾಡ," ಎಂದ ಗಾದಿಲಿಂಗಪ್ಪ. "ನೀನು ಇಲ್ಲಿಂದ್ಲೇ ಹೊಳ್ಳಿ ಹೋಗು."

ಜಡೆಪ್ಪನೂ ಡ್ರೈವರೇ. ಅವನು ಮುಂದಿನ ಎಡಗಾಲಿಯ ಹತ್ತಿರ ಬಂದು ಟೈರಿಗೆ ಕಾಲಿಟ್ಟು ಒಮ್ಮೆ ಒತ್ತಿದ. ಬಲಗಡೆಯದನ್ನೂ ನೋಡಿದ. ಆಮೇಲೆ ಮಾರುತೇಶನನ್ನು ನೋಡಿದ. ಮಾರುತೇಶ ಬೇರೆ ಕಡೆ ಮುಖ ತಿರುಗಿಸಿದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಆದರೆ ಬಾಯಿ ಬಿಡಬೇಕಾಗಿದ್ದವನು ಅವನೇ.

"ಮುಂದಿನ ಗಾಲಿಗೆ ಗಾಳಿ ಹೊಡಸ್ರಿ ಮಾವ," ಎಂದ ಜಡೆಪ್ಪ, ಮಾರುತೇಶನಿಗೆ. "ಅಲ್ಲೀತನಕ ಮೆಲ್ಲಕ ಹೋಗ್ರಿ. ಆಕಿ ಒಳಗದಾಳ."

ಮಾಡುವುದೆಲ್ಲ ಮಾಡಿ ಈಗ ಬುದ್ಧಿ ಬೇರೆ ಹೇಳುತ್ತಾನೆ ಎಂದು ದೊಡ್ಡಪ್ಪ ಗುಡುಗಿದ. ಜಡೆಪ್ಪ ಲಾರಿಗಳ ಕೆಂಪು ಧೂಳಿನಲ್ಲಿ ಸಂಡೂರಿನ ಕಡೆ ನಡೆದುಹೋದ.

ಗಾಡಿಯನ್ನು ದಿಬ್ಬದಿಂದ ಹಿಂದಕ್ಕೆ ತೆಗೆದು, ಮುಂದೆ ಸಿಕ್ಕ ಪಂಚರ್ ಅಂಗಡಿಯಲ್ಲಿ ಮಾರುತೇಶ ಎರಡೂ ಗಾಲಿಗೆ ಗಾಳಿ ಹೊಡೆಸಿದ. ಹೊರಟ ಮೇಲೆ ಗಾಡಿ ನೂಲು ಹಿಡಿದಂತೆ ನೆಟ್ಟಗೆ ಓಡಿತು. ಸ್ಟೇರಿಂಗ್ ಒಂದಿಷ್ಟೂ ಅಲುಗಲಿಲ್ಲ. ಅಲುಗಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಜಡೆಪ್ಪ ನಿಜವಾಗಿಯೂ ಎಲ್ಲೋ ತಾಗಿಸಿರಲಿ ಎಂದು ಮನಸ್ಸು ಕಳ್ಳತನದಿಂದ ಬೇಡಿಕೊಳ್ಳುತ್ತಿತ್ತು. ಅದು ಗೊತ್ತಾಗಿ ಅವನಿಗೆ ತನ್ನ ಮೇಲೇ ಹೇಸಿಗೆ ಬಂತು.

ರೇಣುಕಮ್ಮ ಬಹಳ ಹೊತ್ತು ಅವನ ಕೈಗಳನ್ನೇ ನೋಡುತ್ತ ಕೂತಿದ್ದಳು.

"ಅಣ್ಣ, ಗಾಳಿ ಹೊಡದ್ರ ಕೆಟ್ಟ ಸ್ಟೇರಿಂಗ್ ಸರಿ ಆಗ್ತೈತೇನು?"

ಅವನು ಸುಳ್ಳು ಹುಡುಕಿದ, ಸಿಗಲಿಲ್ಲ. ನಿನಗೆ ಗುಂಡಿಯ ಕುಲುಕಾಟ ತಾಗಬಾರದೆಂದು ಗಾಳಿ ತೆಗೆದಿದ್ದೆ, ತುಂಬಿಸಲು ನಿಲ್ಲಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನನ್ನ ಸಲುವಾಗಿ ಗಾಳಿ ಬಿಟ್ಟಿ, ಸರಿ. ಅವ್ರ ಮ್ಯಾಲೆ ಯಾರ ಸಲುವಾಗಿ ಹಾಕಿದಿ?"

ಗಾಡಿ ಚಿತ್ತವಾಡ್ಗಿ ಮುಟ್ಟಿತು. ಮನೆಯ ಮುಂದೆ ಊರಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಓಣಿಯೆಲ್ಲ ನೆರೆದಿತ್ತು. ಗಾದಿಲಿಂಗಪ್ಪ ಇಳಿಯುತ್ತಲೇ ಕುಡುಕ ಅಳಿಯನ ಪುರಾಣ ತೆಗೆದ. ಮಾರುತೇಶ ಕೆಳಗಿಳಿದು, ಗಾಡಿಯ ಬಾಗಿಲು ಹಿಡಿದುಕೊಂಡೇ ನಡುವೆ ಬಾಯಿ ಹಾಕಿದ.

"ದೊಡ್ಡಪ್ಪ, ಜಡೆಪ್ಪ ಕುಡದಿದ್ದಿಲ್ಲ. ಸ್ಟೇರಿಂಗೂ ಕೆಟ್ಟಿದ್ದಿಲ್ಲ. ಗಾಲಿ ಗಾಳಿ ಬಿಟ್ಟಾವ ನಾನು. ಗೊತ್ತಿದ್ದೂ ಅವನ ಮ್ಯಾಲೆ ಹಾಕೀನಿ."

ಬೈಗುಳಕ್ಕೆ ಕಾದು ಅವನು ತಲೆ ಬಗ್ಗಿಸಿ ನಿಂತ. ಕಪಾಳಕ್ಕೆ ಬಿದ್ದರೂ ಬೀಳಲಿ ಎಂದುಕೊಂಡಿದ್ದ. ಗಾದಿಲಿಂಗಪ್ಪ ಅವನ ಬೆನ್ನು ತಟ್ಟಿದ.

"ತಂಗಿ ಸಲುವಾಗಿ ಮಾಡಿದ್ದಿ, ಅದರಾಗ ತಪ್ಪೇನೈತಿ ಬಿಡು. ಆಗಿದ್ದು ಆಗಿ ಹೋತು. ಹುಡುಗಿ ಒಳಗ ಬರಲಿ, ಹೊತ್ತಾತು."

ಹೌದೌದು ಎಂದು ಎಲ್ಲರೂ ತಲೆಯಾಡಿಸಿದರು. ಒಡೆದ ಹಣೆಗೆ ಸೆರಗು ಒತ್ತಿಕೊಂಡಿದ್ದ ಮುದುಕಮ್ಮ ಕೂಡ, ಅಣ್ಣ ಅಂದರೆ ಹೀಗಿರಬೇಕು ಎಂದಳು. ಜಡೆಪ್ಪನ ಮೇಲೆ ಬಿದ್ದ ಮಾತುಗಳಲ್ಲಿ ಒಂದೇ ಒಂದು ತನ್ನ ಮೇಲೆ ಬಿದ್ದಿದ್ದರೂ ಮಾರುತೇಶ ತಲೆ ಎತ್ತುತ್ತಿದ್ದ. ಒಂದೂ ಬೀಳಲಿಲ್ಲ. ನಡೆದು ಹೋಗು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಇಳಿಯಲೆಂದು ಹೊರಗಿಟ್ಟಿದ್ದ ಕಾಲನ್ನು ರೇಣುಕಮ್ಮ ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು. ತಾಯಿ ಕರೆದಳು, ರಾಹುಕಾಲ ಎಂದಳು. ಅವಳು ಕದಲಲಿಲ್ಲ. ಮಾರುತೇಶ ಹತ್ತಿ ಸ್ಟೇರಿಂಗ್ ಹಿಡಿದು ಅವಳ ಪಕ್ಕ ಕೂತ. ಎಲ್ಲಿಗೆ ಎಂದು ಕೇಳುವ ಮುಖವೂ ಅವನಿಗಿರಲಿಲ್ಲ. ಆರತಿ ಹಿಡಿದ ತಾಯಿಯ ಮುಂದೆಯೇ ಗಾಡಿಯನ್ನು ಸಂಡೂರಿನ ಕಡೆ ಹೊರಳಿಸಿದ.